ಕೇಕಿನ ಮೇಲೊಂದು ಮೈದಾನ: ವಿಶಾಖಪಟ್ಟಣ, ವಿಜಯವಾಡದ ಅಡುಗೆಮನೆಗಳಿಂದ ಒಂದು ಸಿಹಿ ಚರಿತ್ರೆ



ಹಸಿರು ಕ್ರೀಮಿನ ಹುಲ್ಲು, ನಡುವೆ ಬಿಸ್ಕತ್ತಿನ ಪುಡಿಯ ಪಿಚ್, ಎರಡೂ ತುದಿಯಲ್ಲಿ ಮೂರು ಮೂರು ಕಡ್ಡಿ, ಪಕ್ಕದಲ್ಲಿ ಕೆಂಪು ಸಕ್ಕರೆ ಚೆಂಡು. ಮಗುವಿನ ಹೆಸರು, ವಯಸ್ಸು, ಅದರ ಕೆಳಗೆ ಇನ್ನೊಂದು ಅಂತಸ್ತು. ಹುಟ್ಟುಹಬ್ಬಗಳಲ್ಲಿ ನೀವೂ ಇಂಥ ಕೇಕನ್ನು ಕಂಡಿರುತ್ತೀರಿ, ಬಹುಶಃ ಒಂದು ತುಂಡು ತಿಂದೂ ಇರುತ್ತೀರಿ. ಇದು ಎಲ್ಲಿಂದ ಬಂತು? ಒಂದರ ಮೇಲೊಂದು ಕೇಕ್ ಪೇರಿಸುವ ಬುದ್ಧಿ ಯಾರದು? ಆಟದ ಮೈದಾನ ಅದರ ತಲೆಯ ಮೇಲೆ ಬಂದು ಕೂತದ್ದು ಹೇಗೆ? ಈ ಬಾರಿ ಆಂಧ್ರದ ಕರಾವಳಿಯ ಎರಡು ಊರುಗಳನ್ನು ಮುಂದಿಟ್ಟುಕೊಂಡು ಈ ಕಥೆ ನೋಡೋಣ. ವಿಶಾಖಪಟ್ಟಣ ಮತ್ತು ವಿಜಯವಾಡ. ಎರಡೂ ಆಟದ ಊರುಗಳು, ಎರಡೂ ಸೆಕೆಯ ಊರುಗಳು. ಕೇಕ್ ಕಟ್ಟುವವರಿಗೆ ಈ ಎರಡನೆಯ ವಿಷಯ ಎಷ್ಟು ಮುಖ್ಯವೆಂಬುದು ಮುಂದೆ ತಿಳಿಯುತ್ತದೆ.

ಬಾನುಲಿಗೂ ಕೇಕಿಗೂ ಇರುವ ನಂಟು

ನಮ್ಮದು ರೇಡಿಯೋ ಬಳಗ. ಆದ್ದರಿಂದ ರೇಡಿಯೋದಿಂದಲೇ ಶುರು ಮಾಡೋಣ. ಕ್ರಿಕೆಟ್ಟಿಗೂ ಕೇಕಿಗೂ ಗಂಟು ಹಾಕಿದವರಲ್ಲಿ ವೀಕ್ಷಕ ವಿವರಣೆಕಾರರ ಪಾಲು ದೊಡ್ಡದು. ಬಿಬಿಸಿಯ 'ಟೆಸ್ಟ್ ಮ್ಯಾಚ್ ಸ್ಪೆಷಲ್' ಕಾರ್ಯಕ್ರಮ ಆರಂಭವಾದದ್ದು 1957ರಲ್ಲಿ. ಎಪ್ಪತ್ತರ ದಶಕದಲ್ಲಿ ಅದರ ಜನಪ್ರಿಯ ದನಿ ಬ್ರಯಾನ್ ಜಾನ್‌ಸ್ಟನ್ ಅವರ ಹುಟ್ಟುಹಬ್ಬಕ್ಕೆ ಯಾರೋ ಚಾಕೊಲೇಟ್ ಕೇಕ್ ಕಳಿಸಿದರು. ಅವರು ಅದಕ್ಕೆ ಗಾಳಿಯಲ್ಲೇ ಧನ್ಯವಾದ ಹೇಳಿದರು. ಅಷ್ಟೇ! ಅಂದಿನಿಂದ ಊರೂರಿನ ಕೇಳುಗರು ಮನೆಯಲ್ಲಿ ಮಾಡಿದ ಕೇಕುಗಳನ್ನು ಕಾಮೆಂಟರಿ ಬಾಕ್ಸಿಗೆ ಕಳಿಸತೊಡಗಿದರು. 2001ರಲ್ಲಿ ಲಾರ್ಡ್ಸ್ ಮೈದಾನಕ್ಕೆ ಬಂದ ರಾಣಿ ಎರಡನೇ ಎಲಿಜಬೆತ್ ಕೂಡ ಆ ತಂಡಕ್ಕೊಂದು ಹಣ್ಣಿನ ಕೇಕ್ ಕೊಟ್ಟರು. ನೀವೇ ಮಾಡಿದ್ದೇ ಎಂದು ಕೇಳಿದಾಗ, ತಾನು ಮಾಡಿದ್ದಲ್ಲ, ಆದರೆ ಹತ್ತಿರದ ಉಸ್ತುವಾರಿಯಲ್ಲೇ ಆಗಿದೆ ಎಂಬರ್ಥದ ಉತ್ತರ ಬಂತಂತೆ.

ಆಂಧ್ರದ ಈ ಎರಡು ಊರುಗಳಿಗೂ ರೇಡಿಯೋ ಹಳೆಯ ಗೆಳೆಯ. ವಿಜಯವಾಡದ ಆಕಾಶವಾಣಿ ಕೇಂದ್ರ 1948ರಲ್ಲಿ, ವಿಶಾಖಪಟ್ಟಣದ್ದು 1963ರಲ್ಲಿ ಶುರುವಾದವು. ಟಿವಿ ಬರುವ ತನಕ ಮೈದಾನ ಹೇಗಿದೆ ಎಂಬುದನ್ನು ಕಿವಿಯಿಂದಲೇ ಕಲ್ಪಿಸಿಕೊಳ್ಳಬೇಕಿತ್ತು. ಇಂದು ಕೇಕಿನ ಮೇಲೆ ಮೈದಾನ ಬಿಡಿಸುವವರೂ ಒಂದರ್ಥದಲ್ಲಿ ಅದನ್ನೇ ಮಾಡುತ್ತಾರೆ. ಕಣ್ಣೆದುರು ಇಲ್ಲದ್ದನ್ನು ಕಟ್ಟಿಕೊಡುತ್ತಾರೆ.

ಅಂತಸ್ತಿನ ಮೇಲೆ ಅಂತಸ್ತು

ಕೇಕನ್ನು ಮಹಡಿಯಂತೆ ಎತ್ತರಿಸುವ ರೂಢಿ ಇಂಗ್ಲೆಂಡಿನ ಮದುವೆ ಮನೆಗಳದು. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆ ಕೇಕ್ ಸುಮಾರು 300 ಪೌಂಡ್, ಅಂದರೆ 136 ಕಿಲೋ ತೂಗುತ್ತಿತ್ತು. ಅದರ ಸುತ್ತಳತೆಯೇ 9 ಅಡಿ. ಆದರೆ ಅದು ಎತ್ತರದ ಕೇಕಲ್ಲ, ಅಗಲದ ಕೇಕು. 1858ರಲ್ಲಿ ಅವರ ಹಿರಿಯ ಮಗಳ ಮದುವೆಯ ಕೇಕ್ ಎತ್ತರಕ್ಕೆ ಎದ್ದಿತು. ಆದರೆ ಒಂದು ಗುಟ್ಟಿತ್ತು: ಕೆಳಗಿನ ಅಂತಸ್ತು ಮಾತ್ರ ಕೇಕು, ಮೇಲಿನದೆಲ್ಲ ಬರೀ ಸಕ್ಕರೆ ಕೆಲಸ! ಎಲ್ಲ ಅಂತಸ್ತೂ ನಿಜವಾದ ಕೇಕೇ ಆದದ್ದು 1882ರಲ್ಲಿ, ರಾಜಕುಮಾರ ಲಿಯೋಪೋಲ್ಡರ ಮದುವೆಯಲ್ಲಿ ಎನ್ನುತ್ತಾರೆ.

ಯಾಕೆ ಇಷ್ಟು ತಡ? ಕೇಕ್ ಮೆತ್ತಗಿನ ವಸ್ತು. ಅದರ ಮೇಲೆ ಇನ್ನೊಂದು ಕೇಕ್ ಇಟ್ಟರೆ ಕೆಳಗಿನದು ಕುಸಿಯುತ್ತದೆ. ಮೊಟ್ಟೆಯ ಬಿಳಿಯನ್ನೂ ಸಕ್ಕರೆ ಪುಡಿಯನ್ನೂ ಕಲಸಿ ಗಟ್ಟಿಯಾಗುವ 'ರಾಯಲ್ ಐಸಿಂಗ್' ಮಾಡಿ, ಕಂಬಗಳನ್ನು ನಿಲ್ಲಿಸಿ, ಭಾರವನ್ನು ಬೇರೆ ದಾರಿಗೆ ತಿರುಗಿಸಲು ಕಲಿತ ಮೇಲೇ ಎತ್ತರ ಸಾಧ್ಯವಾಯಿತು. ಆಲ್‌ಫ್ರೆಡ್ ಬರ್ಡ್ 1843ರಲ್ಲಿ ಬೇಕಿಂಗ್ ಪೌಡರ್ ಮಾಡಿದ್ದೂ, ಸಕ್ಕರೆ ಅಗ್ಗವಾದದ್ದೂ ಕೇಕನ್ನು ಅರಮನೆಯಿಂದ ಸಾಮಾನ್ಯರ ಮನೆಗೆ ತಂದವು. 1929ರಲ್ಲಿ ಶಿಕಾಗೋದಲ್ಲಿ ವಿಲ್ಟನ್ ಎಂಬುವರು ಕೇಕ್ ಅಲಂಕಾರ ಕಲಿಸುವ ಶಾಲೆ ತೆರೆದರು. ಮುಂದೆ ನಳಿಗೆಗಳು, ಅಚ್ಚುಗಳು, ಚೆಂಡಿನಾಕಾರದ ತಟ್ಟೆಗಳು ಮನೆಯವರ ಕೈಗೇ ಸಿಕ್ಕವು.

ನಮ್ಮಲ್ಲೂ ಇತ್ತಲ್ಲ!

ಹಾಗಾದರೆ ಇದೆಲ್ಲ ಹೊರಗಿನ ವಿದ್ಯೆಯೇ? ಒಂದು ಕ್ಷಣ ತಾಳಿ. ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಿಸಿಕೊಳ್ಳಿ. ಸಕ್ಕರೆ ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಹದಕ್ಕೆ ತಿರುವಿ, ಹರಳುಗಟ್ಟುವ ಹೊತ್ತಿಗೆ ಸರಿಯಾಗಿ ಮರದ ಅಚ್ಚಿಗೆ ಸುರಿಯುತ್ತಿದ್ದ ಅಜ್ಜಿಯರು ಮಾಡಿದ್ದು ಶುದ್ಧ ಸಕ್ಕರೆ ಶಿಲ್ಪ. ಪಾಕವನ್ನು ತಿರುವಿ ಸಣ್ಣ ಹರಳುಗಳಾಗಿಸುವುದೇ ಸುರಿಯುವ ಫಾಂಡಂಟಿನ ಮೂಲಸೂತ್ರವೂ ಹೌದು. ಗಿಳಿ, ಮೀನು, ಗೋಪುರ ಮಾಡಿದ ಕೈಗೆ ಬ್ಯಾಟು ಮಾಡುವುದು ಕಷ್ಟವೇ?

ಇನ್ನು ಪೇರಿಸುವ ವಿಷಯ. ಮೈಸೂರು ಸೀಮೆಯಲ್ಲಿ ದಸರೆಗೆ ಮೆಟ್ಟಿಲು ಕಟ್ಟಿ ಬೊಂಬೆ ಕೂರಿಸುತ್ತೇವೆ. ಆಂಧ್ರದಲ್ಲಿ ಇದೇ 'ಬೊಮ್ಮಲ ಕೊಲುವು'. ಕರಾವಳಿ ಜಿಲ್ಲೆಗಳಲ್ಲಿ ಸಂಕ್ರಾಂತಿಗೂ ಕೂರಿಸುವ ಮನೆಗಳಿವೆ. ವಿಜಯವಾಡದ ಪಕ್ಕದ ಕೊಂಡಪಲ್ಲಿಯ ಹಗುರ ಮರದ ಗೊಂಬೆಗಳು, ವಿಶಾಖಪಟ್ಟಣದ ಸೀಮೆಯ ಏಟಿಕೊಪ್ಪಾಕದ ಅರಗಿನ ಬಣ್ಣದ ಆಟಿಕೆಗಳು ಆ ಮೆಟ್ಟಿಲುಗಳಿಗೆ ಹೇಳಿಮಾಡಿಸಿದವು. ಇವು ನಮ್ಮ ಚನ್ನಪಟ್ಟಣದ ಗೊಂಬೆಗಳ ಸೋದರರು. ಬೊಂಬೆ ಕೂರಿಸುವ ಮನೆಗಳಲ್ಲಿ ಕೆಳಗಿನ ಮೆಟ್ಟಿಲ ಮುಂದೆ ರಾಗಿ ಮೊಳಕೆ ಬರಿಸಿ ಹುಲ್ಲು ಮಾಡಿ, ಪಾರ್ಕೋ ಕ್ರಿಕೆಟ್ ಆಟವೋ ಜೋಡಿಸುವುದು ಮಕ್ಕಳ ಪಾಲಿನ ಕೆಲಸ. ಅಂದರೆ ಅಂತಸ್ತು, ಹಸಿರು ಮೈದಾನ, ಪುಟ್ಟ ಆಟಗಾರರು, ಎಲ್ಲವೂ ನಮ್ಮ ಹಜಾರದಲ್ಲಿ ಮೊದಲೇ ಇದ್ದವು. ಅವನ್ನು ಕೇಕಿನ ಮೇಲೆ ತಂದದ್ದಷ್ಟೇ ಹೊಸತು.

ಇನ್ನೊಂದು ಸೋಜಿಗ ಕೇಳಿ. ಗೋದಾವರಿ ಸೀಮೆಯ ಆತ್ರೇಯಪುರದ ಪೂತರೇಕುಲು ಗೊತ್ತಲ್ಲ? ಅಕ್ಕಿ ಹಿಟ್ಟಿನ ತೆಳು ನೀರನ್ನು ಕಾದ ಮಡಕೆಯ ಬೆನ್ನಿಗೆ ಸವರಿ ತೆಗೆಯುವ, ಕಾಗದಕ್ಕಿಂತ ತೆಳುವಾದ ಹಾಳೆಯ ಸಿಹಿ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ಇಂದು ಕೇಕಿನ ಮೇಲೆ ಆಟಗಾರನ ಚಿತ್ರ ಅಚ್ಚು ಹಾಕಲು ಬಳಸುವ 'ವೇಫರ್ ಪೇಪರ್' ಕೂಡ ಪಿಷ್ಟದ ಹಾಳೆಯೇ. ಹೊರಗಿನವರಿಗೆ ಹೊಸದೆನಿಸಿದ ತಿನ್ನುವ ಕಾಗದ ಗೋದಾವರಿ ತೀರದವರಿಗೆ ಹಳೆಯದು.

ಹಾಸನದಿಂದ ಹೊರಟ ಬೇಕರಿ

ಭಾರತದಲ್ಲಿ ಕೇಕಿನ ಕಥೆ ಹೇಳುವವರು ಕೇರಳದ ತಲಶ್ಶೇರಿಯನ್ನು ಬಿಡುವುದಿಲ್ಲ. ಅಲ್ಲಿ 1883ರಲ್ಲಿ ಮಾಂಬಳ್ಳಿ ಬಾಪು ಎಂಬುವರು ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆಗಾಗಿ ಕ್ರಿಸ್‌ಮಸ್ ಕೇಕ್ ಮಾಡಿದರು, ಅದೇ ದೇಶದ ಮೊದಲನೆಯದು ಎಂಬ ಖ್ಯಾತಿ. ಕನ್ನಡಿಗರ ಪಾಲಿನ ಕಥೆ 1898ರದು. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರು. ಅಯ್ಯಂಗಾರ್ ಬೇಕರಿಗಳ ವಂಶವೃಕ್ಷದ ಬೇರು ಅಲ್ಲಿದೆ. ಮೊಟ್ಟೆಯಿಲ್ಲದ ಕೇಕು, ಖಾರದ ಬನ್ನು, ದಿಲ್‌ಪಸಂದ್, ಜಾಮ್ ಸವರಿ ಕೊಬ್ಬರಿ ಉದುರಿಸಿದ ಹನಿ ಕೇಕು ಎಲ್ಲವೂ ಅಲ್ಲಿಂದ ಮನೆಮಾತಾದವು. ಹಾಸನ ಜಿಲ್ಲೆಯ ಹಳ್ಳಿಗಳಿಂದ ಹೊರಟ ಯುವಕರು ಊರೂರು ತಿರುಗಿ ಅಂಗಡಿ ಹಾಕಿದರು. ತೆಲುಗು ಸೀಮೆಯ ಪಟ್ಟಣಗಳಲ್ಲೂ 'ಬೆಂಗಳೂರು ಅಯ್ಯಂಗಾರ್ ಬೇಕರಿ' ಎಂಬ ಫಲಕ ಕಂಡು, ಊರು ನೆನಪಾಗಿ ಒಳಗೆ ಹೋದ ಕನ್ನಡಿಗರು ಎಷ್ಟೋ ಮಂದಿ. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕನ್ನಡ ಕೇಳಿಸಿದರೆ ಆ ಬನ್ನಿನ ರುಚಿಯೇ ಬೇರೆ!

ದೊಡ್ಡ ಕೇಕ್ ನೋಡುವ ಹುಚ್ಚು ಹತ್ತಿಸಿದ್ದೂ ಬೆಂಗಳೂರೇ. ಎಪ್ಪತ್ತರ ದಶಕದಲ್ಲಿ ನೀಲಗಿರೀಸ್ ಅಂಗಡಿಯವರಿಂದ ಆರಂಭವಾದ ಡಿಸೆಂಬರಿನ ಕೇಕ್ ಪ್ರದರ್ಶನದಲ್ಲಿ ಸ್ಯಾಮಿ ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆಯಲ್ಲಿ ಕೋಟೆ, ಅರಮನೆ, ಸ್ಮಾರಕಗಳನ್ನೇ ನಿಲ್ಲಿಸಿದರು. ಟಿಕೆಟ್ ಕೊಂಡು ಸಾಲಿನಲ್ಲಿ ನಿಂತು ಕೇಕ್ ನೋಡಿ, ತಿನ್ನದೆ ಮನೆಗೆ ಬಂದ ಮಕ್ಕಳು ಮುಂದೆ ತಾವೇ ಕೈ ಹಾಕಿದ್ದರೆ ಆಶ್ಚರ್ಯವಿಲ್ಲ.

ಮನೆಗೆ ಕೇಕ್ ಬಂದದ್ದು ಮಾತ್ರ ಬೇರೆ ದಾರಿಯಲ್ಲಿ. 1959ರ ಸುಮಾರಿಗೆ ಪ್ರೆಷರ್ ಕುಕ್ಕರ್ ಮಾರುಕಟ್ಟೆಗೆ ಬಂತು. ಅರವತ್ತರ ದಶಕದಿಂದ ಡಬ್ಬಿಯ ಗಟ್ಟಿ ಹಾಲು ದೇಶದಲ್ಲೇ ತಯಾರಾಗತೊಡಗಿತು. ಇವೆರಡೂ ಸೇರಿದಾಗ ಓವನ್ ಇಲ್ಲದ, ಮೊಟ್ಟೆ ಮುಟ್ಟದ ಮನೆಯಲ್ಲೂ ಕೇಕ್ ಎದ್ದು ನಿಂತಿತು. ಕುಕ್ಕರಿನ ತಳಕ್ಕೆ ಮರಳು ಹಾಕಿ, ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ತೆಗೆದಿಟ್ಟು ಬೇಯಿಸುವ ಆ ವಿಧಾನ ನಮ್ಮ ಅಡುಗೆಮನೆಗಳಿಗೆ ಚೆನ್ನಾಗಿ ಒಗ್ಗಿತು.  2020ರ ಲಾಕ್‌ಡೌನಿನಲ್ಲಿ ಬೇಕರಿಗಳು ಮುಚ್ಚಿದಾಗ ಹುಟ್ಟುಹಬ್ಬಗಳ ಮಾನ ಉಳಿಸಿದ್ದೂ ಇದೇ ಕುಕ್ಕರು, ಇದೇ ಗಟ್ಟಿ ಹಾಲು. ಅನೇಕ ಮಹಿಳೆಯರಿಗೆ ಅದು ಸಂಪಾದನೆಯ ದಾರಿಯೂ ಆಯಿತು. ಮನೆಯಲ್ಲಿ ಮಾಡಿ ಮಾರುವವರೂ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು ಎಂಬುದನ್ನು ಇಲ್ಲೇ ನೆನಪಿಸಿಬಿಡೋಣ.

ಸೆಕೆಯ ಊರಲ್ಲಿ ಸಕ್ಕರೆಯ ಕಟ್ಟಡ

ಈಗ ಸ್ವಲ್ಪ ಕೈಕೆಲಸ. ಲಂಡನ್ನಿನ ಕೇಕ್ ಪಾಠ ವಿಜಯವಾಡದಲ್ಲಿ ನಡೆಯುವುದಿಲ್ಲ. ಅಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಬೆಣ್ಣೆಯೋ 32ರಿಂದ 35 ಡಿಗ್ರಿಗೇ ಕರಗುತ್ತದೆ. ವಿಶಾಖಪಟ್ಟಣದಲ್ಲಿ ಉಷ್ಣ ಕೊಂಚ ಕಡಿಮೆ, ಆದರೆ ಸಮುದ್ರದ ತೇವ ಹೆಚ್ಚು. ಸಕ್ಕರೆಗೆ ತೇವವೆಂದರೆ ಪ್ರಾಣ, ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಫ್ರಿಜ್ಜಿನಿಂದ ತೆಗೆದ ಫಾಂಡಂಟ್ ಕೇಕ್ ಹತ್ತು ನಿಮಿಷದಲ್ಲಿ ಬೆವರಿ, ಆಟಗಾರನ ಜೆರ್ಸಿಯ ನೀಲಿ ಬಣ್ಣ ಪಿಚ್ ಮೇಲೆ ಹರಿಯುತ್ತದೆ. ಹಾಗಾದಾಗ ಒರೆಸಲು ಹೋಗಬಾರದು. ಫ್ಯಾನಿನ ಗಾಳಿಗೆ ಬಿಟ್ಟರೆ ತಾನೇ ಆರುತ್ತದೆ.

ಕರಾವಳಿಯವರಿಗೆ ಇನ್ನೊಂದು ಉಪಾಯವೂ ಇದೆ, ಗೋಡಂಬಿ. ಶ್ರೀಕಾಕುಳಂ ಜಿಲ್ಲೆಯ ಪಲಾಸ ಗೋಡಂಬಿಗೆ ಹೆಸರಾದ ಊರು. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಬಾದಾಮಿಯ ಬದಲು ಗೋಡಂಬಿಯಲ್ಲೇ ಮಾರ್ಜಿಪಾನ್ ಮಾಡುತ್ತಾರೆ. ಗೋಡಂಬಿ ಬರ್ಫಿಯ ಹಿಟ್ಟನ್ನೇ ತೆಳುವಾಗಿ ಲಟ್ಟಿಸಿದರೆ ಬ್ಯಾಟು, ಚೆಂಡು, ಗ್ಲೌಸು ಎಲ್ಲ ಮಾಡಬಹುದು. ಮಾರುಕಟ್ಟೆಯ ಕೆಲವು ಫಾಂಡಂಟುಗಳಲ್ಲಿ ಜೆಲಟಿನ್ ಇರುತ್ತದೆ, ಸಸ್ಯಾಹಾರಿಗಳು ಡಬ್ಬಿಯ ಮೇಲಿನ ಗುರುತು ನೋಡಬೇಕು. ಗೋಡಂಬಿಯಲ್ಲಿ ಆ ಚಿಂತೆಯಿಲ್ಲ. ಮೇಲಾಗಿ, ಮಕ್ಕಳು ಅದನ್ನು ಕಿತ್ತು ತಟ್ಟೆಯ ಅಂಚಿಗೆ ಸರಿಸುವುದಿಲ್ಲ, ಮೊದಲು ಅದನ್ನೇ ತಿನ್ನುತ್ತಾರೆ!

ಪೇರಿಸುವಾಗ ನೆನಪಿಡಬೇಕಾದದ್ದು ಒಂದೇ ಮಾತು. ಮೇಲಿನ ಕೇಕನ್ನು ಕೆಳಗಿನ ಕೇಕ್ ಹೊರಬಾರದು. ಕೆಳಗೆ 10 ಅಂಗುಲದ್ದು, ಮೇಲೆ 6 ಅಂಗುಲದ್ದು ಎಂದಿಟ್ಟುಕೊಳ್ಳಿ. ಎರಡರ ತಲೆಯನ್ನೂ ಮಟ್ಟಸವಾಗಿ ಕೊಯ್ಯಬೇಕು. ತೆಳುವಾಗಿ ಒಂದು ಪದರ ಕ್ರೀಮ್ ಸವರಿ ಪುಡಿ ಅಂಟಿಸಿ, ತಣ್ಣಗೆ ಗಟ್ಟಿಯಾದ ಮೇಲೆ ಇನ್ನೊಂದು ಪದರ. ಮೇಲಿನ ಕೇಕ್ ತನ್ನದೇ ರಟ್ಟಿನ ಹಲಗೆಯ ಮೇಲೆ ಕೂತಿರಬೇಕು. ಆ ಹಲಗೆಯ ಅಳತೆಯೊಳಗೆ, ಕೆಳಗಿನ ಕೇಕಿಗೆ ನಾಲ್ಕೈದು ದಪ್ಪ ಸ್ಟ್ರಾ ಅಥವಾ ಮರದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ, ಕೇಕಿನ ಮೇಲ್ಮೈಗೆ ಸರಿಸಮನಾಗಿ ಕತ್ತರಿಸಬೇಕು. ಎಲ್ಲ ಕಡ್ಡಿಯೂ ಒಂದೇ ಎತ್ತರ. ಒಂದು ಗಿಡ್ಡವಾದರೆ ಕಟ್ಟಡ ವಾಲುತ್ತದೆ. ಭಾರ ಹಲಗೆಯಿಂದ ಕಡ್ಡಿಗೆ, ಕಡ್ಡಿಯಿಂದ ಕೆಳಗಿನ ತಟ್ಟೆಗೆ ಇಳಿಯುತ್ತದೆ. ಕೇಕ್ ಸುತ್ತಲೂ ನಿಂತು ನೋಡುತ್ತದೆ, ಅಷ್ಟೇ. ಅಂದಹಾಗೆ ನಮ್ಮ ಪ್ರೀತಿಯ ಹನಿ ಕೇಕ್ ಈ ಕೆಲಸಕ್ಕೆ ಆಗದು. ಪಾಕ ಕುಡಿದ ಕೇಕ್ ತನ್ನ ಭಾರವನ್ನೇ ಹೊರಲಾರದು. ಆದರೆ ಅದರ ಮೇಲಿನ ಕೊಬ್ಬರಿ ತುರಿ ಬೇಕಾಗುತ್ತದೆ. ಒಣ ಕೊಬ್ಬರಿಗೆ ಹಸಿರು ಬಣ್ಣ ಕಲಸಿದರೆ ಅದೇ ಮೈದಾನದ ಹುಲ್ಲು.

ಮೈದಾನದ ಲೆಕ್ಕ ಕೇಳಿದರೆ ನಗು ಬರುತ್ತದೆ. ಕ್ರಿಕೆಟ್ ಪಿಚ್ 22 ಗಜ, ಅಂದರೆ 66 ಅಡಿ. ಮೈದಾನದ ಅಡ್ಡಳತೆ 140 ಗಜ ಎಂದುಕೊಂಡರೆ, 10 ಅಂಗುಲದ ಕೇಕಿನ ಮೇಲೆ ಪಿಚ್ಚಿನ ಉದ್ದ ಕೇವಲ ಒಂದೂವರೆ ಅಂಗುಲ! 28 ಅಂಗುಲದ ಸ್ಟಂಪು ಒಂದು ಸಾಸಿವೆ ಕಾಳಿನಷ್ಟು ಎತ್ತರ! ಲೆಕ್ಕದ ಪ್ರಕಾರ ಮಾಡಿದರೆ ಯಾರಿಗೂ ಏನೂ ಕಾಣದು. ಅದಕ್ಕೇ ಕೇಕಿನ ಮೇಲಿನ ಮೈದಾನಗಳೆಲ್ಲ ಸುಳ್ಳು ಅಳತೆಯವು. ಮುಖ್ಯವಾದದ್ದನ್ನು ದೊಡ್ಡದು ಮಾಡಿ, ಉಳಿದದ್ದನ್ನು ಕಿರಿದಾಗಿಸುತ್ತವೆ. ಹಾಗಾದರೆ ಮುಖ್ಯವಾದದ್ದು ಯಾವುದು? ನಿಜವಾದ ಪ್ರಶ್ನೆ ಇಲ್ಲಿದೆ.

ತುತ್ತತುದಿಗೆ ಯಾರು?

ವಿಶಾಖಪಟ್ಟಣದ ಹೊರವಲಯದ ಎಸಿಎ-ವಿಡಿಸಿಎ ಕ್ರೀಡಾಂಗಣದಲ್ಲಿ ಮೊದಲ ಏಕದಿನ ಪಂದ್ಯ ನಡೆದದ್ದು 2005ರ ಏಪ್ರಿಲ್ 5ರಂದು. ಪಾಕಿಸ್ತಾನದ ವಿರುದ್ಧ ಮೂರನೇ ಕ್ರಮಾಂಕದಲ್ಲಿ ಬಂದ ಉದ್ದ ಕೂದಲಿನ ಹುಡುಗನೊಬ್ಬ 123 ಎಸೆತಗಳಲ್ಲಿ 148 ಹೊಡೆದ. ಮಹೇಂದ್ರ ಸಿಂಗ್ ಧೋನಿ ದೇಶಕ್ಕೆಲ್ಲ ಪರಿಚಯವಾದದ್ದು ಅಂದು. 2019ರ ಅಕ್ಟೋಬರಿನಲ್ಲಿ ಅದೇ ಮೈದಾನದಲ್ಲಿ ನಮ್ಮ ಬೆಂಗಳೂರಿನ ಮಯಂಕ್ ಅಗರ್‌ವಾಲ್ ದಕ್ಷಿಣ ಆಫ್ರಿಕದ ವಿರುದ್ಧ 215 ರನ್ ಮಾಡಿ, ರೋಹಿತ್ ಶರ್ಮಾ ಜೊತೆ ಮೊದಲ ವಿಕೆಟಿಗೆ 317 ರನ್ ಸೇರಿಸಿದರು. ವಿಜಯವಾಡದ ಇಂದಿರಾ ಗಾಂಧಿ ಕ್ರೀಡಾಂಗಣಕ್ಕೂ 2002ರ ನವೆಂಬರ್ 24ರಂದು ವೆಸ್ಟ್ ಇಂಡೀಸ್ ಬಂದಿತ್ತು. ಮರ್ಲಾನ್ ಸ್ಯಾಮುಯೆಲ್ಸ್ ಶತಕ ಹೊಡೆದು, ಪಂದ್ಯವನ್ನೂ ಸರಣಿಯನ್ನೂ ಕಸಿದುಕೊಂಡು ಹೋದರು. ಇವೆಲ್ಲ ಬ್ಯಾಟು ಚೆಂಡಿನ ಕೇಕಿಗೆ ಸರಿಯಾದ ಕಥೆಗಳು.

ಆದರೆ ಬಹುಕಾಲ ನಮ್ಮ ಮನೆಗಳಲ್ಲಿ ಒಂದು ಅಲಿಖಿತ ನಿಯಮವಿತ್ತು. ಹುಡುಗನ ಕೇಕಿನ ಮೇಲೆ ಬ್ಯಾಟು, ಹುಡುಗಿಯ ಕೇಕಿನ ಮೇಲೆ ಗೊಂಬೆಯ ಲಂಗ. ಯಾರೂ ಕೂತು ನಿರ್ಧರಿಸಿದ್ದಲ್ಲ, ಆದರೂ ಹಾಗೇ ನಡೆಯಿತು. ಈ ಕರಾವಳಿಯ ಆಟದ ಚರಿತ್ರೆ ಹೇಳುವುದು ಬೇರೆಯದನ್ನೇ.

ವಿಶಾಖಪಟ್ಟಣದ ಉತ್ತರಕ್ಕಿರುವ ಶ್ರೀಕಾಕುಳಂ ಜಿಲ್ಲೆಯ ಹಳ್ಳಿಯ ಕರ್ಣಂ ಮಲ್ಲೇಶ್ವರಿ 2000ರ ಸೆಪ್ಟೆಂಬರಿನಲ್ಲಿ ಸಿಡ್ನಿಯಲ್ಲಿ 110 ಮತ್ತು 130, ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದರು. ಒಲಿಂಪಿಕ್ ಪದಕ ಪಡೆದ ಭಾರತದ ಮೊದಲ ಮಹಿಳೆ ಅವರು. ವಿಕ್ಟೋರಿಯಾ ರಾಣಿಯ ಆ 136 ಕಿಲೋ ಕೇಕಿಗೆ ಹತ್ತಿರದ ಭಾರವನ್ನು ತಲೆಯ ಮೇಲೆತ್ತಿ ಹಿಡಿದ ಕೈಗಳು ಅವು! ವಿಜಯವಾಡದ ಪಕ್ಕದ ಗುಡಿವಾಡದಲ್ಲಿ ಹುಟ್ಟಿದ ಕೊನೇರು ಹಂಪಿ 2002ರಲ್ಲಿ, 15 ವರ್ಷದವರಿದ್ದಾಗ, ಚೆಸ್ ಗ್ರ್ಯಾಂಡ್‌ಮಾಸ್ಟರ್ ಆದರು. 2019 ಮತ್ತು 2024ರಲ್ಲಿ ವಿಶ್ವ ರ್‍ಯಾಪಿಡ್ ಚಾಂಪಿಯನ್. ಹೆಸರು ಕೇಳಿ ನಮ್ಮ ಹಂಪೆ ನೆನಪಾದರೆ ತಪ್ಪಿಲ್ಲ, ಆದರೆ ತಂದೆ ಆ ಹೆಸರನ್ನು ಆರಿಸಿದ್ದು 'ಚಾಂಪಿಯನ್' ಪದದಿಂದ. ವಿಜಯವಾಡದ ಕಡೆಯವರೇ ಆದ ವಿಕೆಟ್ ಕೀಪರ್ ರವಿ ಕಲ್ಪನಾ, ಆಟೋ ಚಾಲಕರ ಮಗಳು, 2015ರಲ್ಲಿ ಭಾರತ ತಂಡಕ್ಕೆ ಆಡಿದರು. 2025ರ ಅಕ್ಟೋಬರಿನಲ್ಲಿ ಮಹಿಳಾ ವಿಶ್ವಕಪ್ಪಿನ ಭಾರತ–ಆಸ್ಟ್ರೇಲಿಯಾ ಪಂದ್ಯದ ದಿನ, ಅದೇ ವಿಶಾಖಪಟ್ಟಣ ಕ್ರೀಡಾಂಗಣದಲ್ಲಿ ಮಿತಾಲಿ ರಾಜ್ ಮತ್ತು ಕಲ್ಪನಾ ಅವರ ಹೆಸರುಗಳನ್ನು ಶಾಶ್ವತವಾಗಿ ಬರೆಯಲಾಯಿತು. ಕೆಲವೇ ದಿನಗಳಲ್ಲಿ, ನವೆಂಬರ್ 2ರಂದು, ಭಾರತದ ಹುಡುಗಿಯರು ನವಿ ಮುಂಬೈಯಲ್ಲಿ ವಿಶ್ವಕಪ್ ಎತ್ತಿದರು.

ಮೈದಾನದಲ್ಲಿ ಅವರ ಹೆಸರು ಬಂದಾಯಿತು. ಇನ್ನು ಮನೆಯ ಕೇಕಿನ ಮೇಲೆ ಬರಲು ಏನಡ್ಡಿ? ಕೇಕ್ ಸಣ್ಣ ವಿಷಯವೆನಿಸಬಹುದು. ಆದರೆ ಮಗು ವರ್ಷಕ್ಕೊಮ್ಮೆ, ದೀಪದ ಬೆಳಕಿನಲ್ಲಿ, ಎಲ್ಲರೂ ತನ್ನತ್ತ ನೋಡುವಾಗ ತನ್ನ ಮುಂದೆ ಕಾಣುವ ಚಿತ್ರ ಅದು. ನೀನು ಏನಾಗಬಹುದು ಎಂದು ಮನೆಯವರೆಲ್ಲ ಸೇರಿ ಹೇಳುವ ಮಾತೂ ಹೌದು.

ಮಾಡಲು ಸುಲಭವಾದದ್ದೂ ಇದೇ. 8 ಅಂಗುಲದ ಚೌಕ ಕೇಕಿನ ಮೇಲೆ ಅಂಗುಲಕ್ಕೊಂದರಂತೆ ಬಿಳಿ ಗೋಡಂಬಿ ಹಿಟ್ಟಿನ, ಚಾಕೊಲೇಟ್ ಹಿಟ್ಟಿನ ಚೌಕಗಳನ್ನು ಜೋಡಿಸಿದರೆ 64 ಮನೆಗಳ ಚದುರಂಗ ಸಿದ್ಧ. ನಳಿಗೆ ಬೇಡ, ಚಿತ್ರಕಲೆ ಬೇಡ, ಅಳತೆಯೂ ಸುಳ್ಳಲ್ಲ. ಅದರ ಮೇಲೆ ಸಣ್ಣದೊಂದು ಅಂತಸ್ತು ಏರಿಸಿ ರಾಣಿಯನ್ನು ನಿಲ್ಲಿಸಿ. ಭಾರ ಎತ್ತುವ ಕೇಕ್ ಬೇಕೆಂದರೆ ಒಂದು ಕಡ್ಡಿ, ಎರಡು ದುಂಡು ಕ್ರೀಮ್ ಬಿಸ್ಕತ್ತು ಸಾಕು, ಬಾರ್‌ಬೆಲ್ ಆಯಿತು. ಕ್ರಿಕೆಟ್ ಮೈದಾನವೇ ಬೇಕೆಂದು ಮಗಳು ಹಠ ಹಿಡಿದರೆ ಮಾಡಿಕೊಡಿ, ಸ್ಟಂಪಿನ ಹಿಂದೆ ಗ್ಲೌಸ್ ತೊಟ್ಟವಳನ್ನು ಕೂರಿಸುವುದು ಮರೆಯಬೇಡಿ. ಬೊಂಬೆ ಮೆಟ್ಟಿಲಿನಲ್ಲಿ ಯಾರನ್ನು ಎಲ್ಲಿ ಕೂರಿಸಬೇಕೆಂದು ನಮ್ಮ ಮನೆಯ ಹೆಂಗಸರು ಯಾವತ್ತೂ ಯಾರನ್ನೂ ಕೇಳಿದವರಲ್ಲ. ಕೇಕಿನ ವಿಷಯದಲ್ಲೂ ಕೇಳಬೇಕಾಗಿಲ್ಲ.

ನಿಮ್ಮ ಮನೆಯ ಕೇಕಿನ ತುದಿಗೆ ಯಾರು ಕೂರುತ್ತಾರೆ ಎಂಬುದನ್ನು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರೆದು ತಿಳಿಸಿ. ಕೇಕ್ ಕಳಿಸಿದರೂ ಬೇಡವೆನ್ನುವುದಿಲ್ಲ, ಗಾಳಿಯಲ್ಲೇ ಧನ್ಯವಾದ ಹೇಳುತ್ತೇವೆ!